ತಂತಿ ಮುಟ್ಟದ ಸರಳುಗಳು

ಏಪ್ರಿಲ್ 22, ಬೆಳಿಗ್ಗೆ

ಎರಡು ಕಡ್ಡಿ. ಒಲೆ ಹೊತ್ತಿಸಿ ಬಂದು ಫೋನಿನ ಸಿಗ್ನಲ್ ಮತ್ತೆ ನೋಡಿದೆ. ಎರಡೇ.

ಪಕ್ಕದ ಮನೆಯ ಮಲಿಂಪೊ ಬಂದು ತನ್ನ ಫೋನನ್ನು ಕಿಟಕಿ ಕಟ್ಟೆಯ ಮೇಲೆ ನನ್ನದರ ಪಕ್ಕ ಇಟ್ಟಳು. ಅರ್ಧ ಗಂಟೆ ಕೂತು ನನ್ನ ಸಕ್ಕರೆ ಖಾಲಿ ಮಾಡಿದಳು. ಗಂಡನಿಂದ ಒಂದು ಸಾಲಿನ ಮೆಸೇಜ್ ಬಂತು, ಅದನ್ನೇ ಮೂರು ಸಲ ಓದಿ ಹೇಳಿದಳು. ನನಗೆ ಏನೂ ಬರಲಿಲ್ಲ.

ಹೋಗುವಾಗ ಎಂದಿನ ಪ್ರಶ್ನೆ. ಫೋನಿಗೆ ತಂತಿಯನ್ನೇ ಸಿಕ್ಕಿಸಿಲ್ಲ, ಮತ್ತೆ ಹೇಗೆ ಬರುತ್ತದೆ? ಈ ಕಣಿವೆಯಲ್ಲಿ ಬೇರೆಲ್ಲೂ ಸಿಗ್ನಲ್ ಇಲ್ಲ, ಈ ಎರಡು ಗೇಣು ಕಟ್ಟೆಯಲ್ಲಿ ಮಾತ್ರ ಏಕೆ? ನನ್ನ ಗಂಡ ಸೆಖೋಬೆ ಹೇಳುತ್ತಿದ್ದುದನ್ನೇ ಹೇಳಿದೆ. ಮನೆ ಹಿಂದಿನ ದಿಣ್ಣೆಯ ಮೇಲೆ ಅವನು ನೆಟ್ಟ ಒಂಬತ್ತು ಸರಳಿನ ಏರಿಯಲ್ ಆಚೆಯ ಟವರಿನಿಂದ ಹಿಡಿದುಕೊಳ್ಳುತ್ತದೆ. ತಂತಿಯಲ್ಲಿ ಇಳಿದು ಕಿಟಕಿಯ ಚಿಕ್ಕ ಏರಿಯಲ್‌ಗೆ ಬರುತ್ತದೆ. ಅಲ್ಲಿಂದ ಫೋನಿಗೆ ತಾನೇ ದಾಟಿಕೊಳ್ಳುತ್ತದೆ, ನಡುವೆ ನಾಲ್ಕು ಬೆರಳು ಖಾಲಿ ಜಾಗ. ಒಲೆಯನ್ನು ಮುಟ್ಟದೆಯೇ ಕೈ ಬೆಚ್ಚಗಾಗುವುದಿಲ್ಲವೇ, ಹಾಗೆ.

ಮಲಿಂಪೊ ತಲೆಯಾಡಿಸಿದಳು. ನಂಬಿಲ್ಲ. ನಾನೂ ಮೊದಲು ನಂಬಿರಲಿಲ್ಲ — ಗಣಿಯಲ್ಲಿ ಇಪ್ಪತ್ತು ವರ್ಷ ವೈರ್ ಎಳೆದವನಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ.

ಏಪ್ರಿಲ್ 24, ಸಂಜೆ 4

ಮೂರು ಕಡ್ಡಿ.

ಪೆಟ್ಟಿಗೆಯ ಮೇಲೆ ಯಾರೂ ಇಲ್ಲ. ಬಾಗಿಲು ತೆರೆದೇ ಇತ್ತು, ನಾನು ಒಲೆಯ ಹತ್ತಿರ ಇದ್ದೆ. ಈ ತಿಂಗಳಲ್ಲಿ ಇದು ಐದನೇ ಸಲ, ಯಾವಾಗಲೂ ಇದೇ ಹೊತ್ತು. ಸೆಖೋಬೆ ಕುದುರೆ ಕಟ್ಟಿ ಒಳಗೆ ಬರುತ್ತಿದ್ದ ಹೊತ್ತು.

ಕಿಟಕಿ ಕೆಳಗಿನ ತಗಡಿನ ಪೆಟ್ಟಿಗೆ ಅವನ ಗಣಿ ಪೆಟ್ಟಿಗೆ. ಅದರ ಮೇಲೆ ಅವನು ಕೂತರೆ ಎರಡು ಇದ್ದದ್ದು ಮೂರಾಗುತ್ತಿತ್ತು, ಎದ್ದರೆ ಮತ್ತೆ ಎರಡು. ತಗಡು, ಮೈ, ಎಲ್ಲ ಸೇರಿ ತಳ್ಳುತ್ತದೆ ಅನ್ನುತ್ತಿದ್ದ. ಮಗ ಪೆಲ್ಲೊ ಫೋನ್ ಮಾಡಿದಾಗಲೆಲ್ಲ ಮಾತಾಡುವವಳು ನಾನು, ಕೂರುವವನು ಅವನು. ಕೆಮ್ಮಲೂ ಹೆದರುತ್ತಿದ್ದ. ಮಗನ ಜೊತೆ ಎರಡು ಮಾತಾಡು ಅಂದರೆ, ‘ನಾನು ಕೂತಿರೋದೇ ಮಾತು ಕಣೇ’ ಅಂತ.

ನಾಲ್ಕು ಕಡ್ಡಿ ಈ ಮನೆಯಲ್ಲಿ ಒಂದೇ ಸಲ ಬಂದದ್ದು. ಹೋದ ವರ್ಷವಲ್ಲ, ಅದರ ಹಿಂದಿನ ಕ್ರಿಸ್‌ಮಸ್. ಪೆಲ್ಲೊ ಮನೆಗೆ ಬಂದಿದ್ದ. ಅಪ್ಪ ಮಗ ಇಬ್ಬರೂ ಒಂದೇ ಕಂಬಳಿ ಹೊದ್ದು ಆ ಪೆಟ್ಟಿಗೆಯ ಮೇಲೆ ಒತ್ತಿಕೊಂಡು ಕೂತಿದ್ದರು. ನಾಲ್ಕು ನೋಡಿ ಮೂವರೂ ನಕ್ಕೆವು. ಫೋನ್ ಮಾಡಲು ಯಾರೂ ಇರಲಿಲ್ಲ.

ಮೂರು ಕಡ್ಡಿ ಹತ್ತು ನಿಮಿಷ ಇತ್ತು. ಹೋಯಿತು. ನನಗೆ ಹೆದರಿಕೆ ಆಗಲಿಲ್ಲ. ಸಿಟ್ಟು ಬಂತು. ಬಂದವನು ಒಂದು ಮಾತು ಆಡಬಾರದೇ? ಸತ್ತ ಮೇಲೂ ಅದೇ ಚಾಳಿ.

ಏಪ್ರಿಲ್ 29

ಮೈದುನ ಲೆಬುಸ ಬಂದಿದ್ದ. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ — ಅಂದರೆ ಕೆಲಸದ ಮಾತು. ಅಣ್ಣ ಹೋಗಿ ಏಳು ತಿಂಗಳಾಯಿತು, ಶೋಕದ ಕಪ್ಪು ಬಟ್ಟೆ ತೆಗೆಸುವ ದಿನ ಇಡಬೇಕು, ಜೂನ್‌ನಲ್ಲಿ ಚಳಿ ಬಿದ್ದರೆ ಊಟಕ್ಕೆ ಕಡಿಯುವ ದನ ಬಡಕಲಾಗುತ್ತದೆ, ಹಿರಿಯರು ಕೇಳುತ್ತಿದ್ದಾರೆ. ಎರಡು ಸಲ ಮುಂದಕ್ಕೆ ಹಾಕಿದ್ದೇನೆ. ಮೂರನೇ ಸಲಕ್ಕೆ ನೆಪ ಇರಲಿಲ್ಲ.

ಪೆಲ್ಲೊ ಬರಲಿ ಅಂದೆ. ಎಲ್ಲಿದ್ದಾನೆ ಅಂತ ಕೇಳಿದ. ನೆಲದ ಕೆಳಗೆ ಅಂದೆ. ಗಡಿಯ ಆಚೆ, ಮುಚ್ಚಿದ ಚಿನ್ನದ ಗಣಿ. ಅಪ್ಪಣೆ ಇಲ್ಲದೆ ಕದ್ದು ಅಗೆಯುವ ಕಡೆ, ಹಗ್ಗ ಹಿಡಿದು ಇಳಿದರೆ ಮೇಲೆ ಬರುವುದು ಮೂರು ತಿಂಗಳಿಗೋ ನಾಲ್ಕಕ್ಕೋ.

ಅಪ್ಪ ಸತ್ತಾಗಲೂ ಅವನು ಕೆಳಗಿದ್ದ. ಡಿಸೆಂಬರ್‌ನಲ್ಲಿ ಮೇಲೆ ಬಂದು ಫೋನ್ ಮಾಡಿದ. ನಾನು ಹೇಗೆ ಹೇಳಲಿ ಅಂತ ಮಳೆ ಬಗ್ಗೆ, ಕುರಿ ಬಗ್ಗೆ ಮಾತಾಡುತ್ತಿದ್ದೆ. ತಡೆದು ಕೇಳಿದ, “ಅಮ್ಮ, ದನಿ ಕಡಿದು ಕಡಿದು ಬರ್ತಿದೆ. ಅಪ್ಪ ಕೂತಿಲ್ವಾ?” ಅವನಿಗೆ ಗೊತ್ತಾಯಿತು. ನಾನು ಹೇಳಲೇ ಇಲ್ಲ.

ಕೊನೆಗೆ ಅಂದ, ಕಪ್ಪು ತೆಗೆಯೋ ದಿನಕ್ಕೆ ಬಂದೇ ಬರ್ತೀನಿ, ಮುಂದಿನ ಸಲ ಮೇಲೆ ಬಂದಾಗ ಫೋನ್ ಮಾಡ್ತೀನಿ, ದಿನ ಹೇಳು. ಅದೇ ಕೊನೆ. ಅವನ ಫೋನ್ ಕೆಳಗೆ ಕಳೆದಿದೆಯಂತೆ, ನಾನು ಮಾಡಲು ನಂಬರಿಲ್ಲ. ಅವನು ಮಾಡಬೇಕು, ನಾನು ಕಿಟಕಿ ಹತ್ತಿರ ಇರಬೇಕು. ಅಷ್ಟೇ ಏರ್ಪಾಡು.

ಲೆಬುಸ ಮೇ 18 ಅಂದ. ಶನಿವಾರ. ಆಗಲಿ ಅಂದೆ.

ಮೇ 3

ಎರಡು ಕಡ್ಡಿ. ರೇಡಿಯೋ ಹಚ್ಚಿಟ್ಟಿದ್ದೇನೆ, ಸಣ್ಣ ದನಿಯಲ್ಲಿ. ಫೋನ್ ಹೊಡೆದುಕೊಳ್ಳುವ ಮುಂಚೆ ಪಕ್ಕದಲ್ಲಿರುವ ರೇಡಿಯೋ ಟಿಕಿ-ಟಿಕ್, ಟಿಕಿ-ಟಿಕ್ ಅನ್ನುತ್ತದೆ. ಅದಕ್ಕೂ ಫೋನಿಗೂ ತಂತಿ ಇಲ್ಲ. ಆದರೂ ಅದಕ್ಕೆ ನನಗಿಂತ ಮೊದಲೇ ಗೊತ್ತಾಗುತ್ತದೆ. ಅಂಗಳದಲ್ಲಿದ್ದರೂ ಆ ಟಿಕ್ ಕೇಳಿ ಓಡಿ ಬರಬಹುದು.

ಇವತ್ತು ಒಂದು ಸಲ ಓಡಿ ಬಂದೆ. ಮಲಿಂಪೊಳ ಗಂಡ. ಈರುಳ್ಳಿ ತಗೊಂಡಳಾ ಅಂತ ಕೇಳಲು.

ಮೇ 10

ಇಲ್ಲ.

ಮೇ 12

ಮಧ್ಯಾಹ್ನ ಮೂರು ಕಡ್ಡಿ. ಹೊತ್ತಲ್ಲದ ಹೊತ್ತು. ಪೆಟ್ಟಿಗೆಗೆ ಹೇಳಿದೆ: ಆರು ದಿನ ಉಳಿದಿದೆ, ನಿನಗೆ ಸಾಧ್ಯವಾದರೆ ಅವನಿಗೆ ಹೇಳು. ನನ್ನನ್ನು ನೋಡಲು ಬರುವುದು ಸಾಕು, ಅವನ ಹತ್ತಿರ ಹೋಗು.

ಹಾಗೆ ಅಂದದ್ದು ಬರೆದಿಡುತ್ತಿದ್ದೇನೆ.

ಮೇ 14, ಬೆಳಿಗ್ಗೆ

ನಾಳೆ ತವರಿಗೆ. ಎರಡು ಬೆಟ್ಟ ಆಚೆ, ಕುದುರೆಯ ಮೇಲೆ ಒಂದು ದಿನ. ಕಪ್ಪು ತೆಗೆದು ತಲೆ ಬೋಳಿಸಿ ಹೊಸ ಬಟ್ಟೆ ಉಡಿಸುವುದು ತವರಿನವರೇ. ಉಟ್ಟುಕೊಂಡು ಶನಿವಾರ ಇಲ್ಲಿಗೆ ಬಂದರೆ ಊಟ. ಫೋನ್ ಮಲಿಂಪೊಳ ಕೈಗೆ ಕೊಟ್ಟಿದ್ದೇನೆ. ಈ ಕಟ್ಟೆಯಿಂದ ಕದಲಿಸಬೇಡ, ಪೆಲ್ಲೊ ಮಾಡಿದರೆ ಹದಿನೆಂಟು ಅಂತ ಹೇಳು, ಓಡಿ ಬಾ ಅಂತ ಹೇಳು. ನಾಲ್ಕು ಸಲ ಹೇಳಿಸಿದೆ ಅವಳಿಂದ.

ಲೆಬುಸ ಅಡುಗೆಯ ಉಸ್ತುವಾರಿ. ಸೌದೆ ಎಲ್ಲಿ, ಹಂಡೆ ಎಲ್ಲಿ, ಮಾಂಸ ಸುಡಲು ಸರಳು ಸಾಲದು, ಏನು ಮಾಡಲಿ? ತಲೆ ತಿಂದ. ಬೇಡದ್ದು ಏನಿದ್ದರೂ ತಗೋ, ನನ್ನನ್ನು ಕೇಳಬೇಡ ಅಂದೆ.

ಮೇ 19, ಭಾನುವಾರ

ಮುಗಿಯಿತು. ತಲೆ ತಣ್ಣಗಿದೆ. ಹೊಸ ಬಟ್ಟೆ ನೀಲಿ, ತೋಳು ಬಿಗಿ.

ಜನ ತುಂಬ ಬಂದಿದ್ದರು. ಎತ್ತಿನ ಮಾಂಸ ಚೆನ್ನಾಗಿ ಬೆಂದಿತ್ತು, ನಾನೇ ಎರಡು ಸಲ ಹಾಕಿಸಿಕೊಂಡೆ. ಇಷ್ಟು ತಿಂಗಳಲ್ಲಿ ಬಾಯಿಗೆ ರುಚಿ ಅಂತ ಅನಿಸಿದ್ದು ಮೊದಲ ಸಲ. ಸೆಖೋಬೆಯ ಸಾಮಾನು ಹಂಚಿದರು. ಹೆಲ್ಮೆಟ್ ತಂಗಿಯ ಮಗನಿಗೆ, ಕಂಬಳಿ ಪೆಲ್ಲೊಗೆ ಅಂತ ಎತ್ತಿಟ್ಟರು, ತಗಡಿನ ಪೆಟ್ಟಿಗೆ ಲೆಬುಸನಿಗೆ. ಅದನ್ನು ಬಿಡಲು ಮನಸ್ಸಿರಲಿಲ್ಲ. ಆದರೆ ಸತ್ತವನು ಹೋಗಬೇಕಾದರೆ ಅವನು ಕೂರುವ ಜಾಗ ಬಿಡಿಸಬೇಕು ಅಂದರು ಹಿರಿಯರು. ಸರಿ ಅಂದೆ. ಕತ್ತೆಯ ಮೇಲೆ ಹೇರಿಕೊಂಡು ಹೋದ.

ಪೆಲ್ಲೊ ಬರಲಿಲ್ಲ. ಫೋನೂ ಬಂದಿಲ್ಲ, ನಾಲ್ಕು ದಿನ ಸದ್ದೇ ಇಲ್ಲ ಅಂದಳು ಮಲಿಂಪೊ.

ಇನ್ನೂ ಕೆಳಗೇ ಇದ್ದಾನೆ. ಇದ್ದರೆ ಇರಲಿ. ಬಂದ ಮೇಲೆ ಬೈಯುತ್ತೇನೆ.

ಮೇ 21, ಬೆಳಿಗ್ಗೆ 9

ಕಡ್ಡಿಯೇ ಇಲ್ಲ. ನಿನ್ನೆಯೂ ಇರಲಿಲ್ಲ. ಪೆಟ್ಟಿಗೆ ಹೋದದ್ದಕ್ಕೆ ಅಂದುಕೊಂಡಿದ್ದೆ. ಆದರೆ ಪೆಟ್ಟಿಗೆ ಹೋದರೆ ಒಂದು ಕಡಿಮೆ ಆಗಬೇಕು, ಎಲ್ಲ ಹೋಗಬಾರದು. ದಿಣ್ಣೆ ಹತ್ತಿ ನೋಡಿ ಬರುತ್ತೇನೆ.

ಮೇ 21, ಮಧ್ಯಾಹ್ನ

ಕಂಬ ಇದೆ. ಅಡ್ಡ ಬೊಂಬು ಇದೆ. ಒಂಬತ್ತು ಸರಳಿನಲ್ಲಿ ಒಂದೇ ಒಂದು ಇದೆ — ತಂತಿ ಕಟ್ಟಿದ್ದು. ಉಳಿದ ಎಂಟೂ ಇಲ್ಲ.

ನೇರ ಲೆಬುಸನ ಮನೆಗೆ ಹೋದೆ. ಮೆಕ್ಕೆಜೋಳದ ಪಾಪಾ ಮುದ್ದೆ ತಿನ್ನುತ್ತಿದ್ದ. ಸರಳು ಎಲ್ಲಿ ಅಂದೆ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ಅದೇ ಹೊಟ್ಟೆ ಉರಿಸಿತು.

“ತಂತಿ ಇರೋದನ್ನ ಮುಟ್ಟೇ ಇಲ್ಲ ಅತ್ತಿಗೆ. ಅಣ್ಣನ ಕೆಲಸ ಅಂತ ನೋಡಿ ನೋಡಿ ಬಿಟ್ಟೆ. ಬರೀ ಸುಮ್ನೆ ನಿಂತಿದ್ದವನ್ನ ಬಿಚ್ಚಿದೆ. ಅವಕ್ಕೆ ಏನೂ ಸಿಕ್ಕಿಸಿರ್ಲಿಲ್ಲ.”

ಯಾವತ್ತು ಬಿಚ್ಚಿದೆ?

“ನೀವು ತವರಿಗೆ ಹೋದ ದಿನ. ಹದಿನೈದು.”

ಮೂಲೆಯಲ್ಲಿ ಬಿದ್ದಿದ್ದವು. ಕೊಬ್ಬು ಹತ್ತಿ ಕಪ್ಪಾಗಿ, ಎರಡು ಬಾಗಿ. ಆ ಮಾಂಸವನ್ನೇ ನಾನು ಎರಡು ಸಲ ಹಾಕಿಸಿಕೊಂಡದ್ದು.

ಸೆಖೋಬೆ ಎಷ್ಟು ಸಲ ಹೇಳಿದ್ದ. ತಂತಿ ಇಲ್ಲದವೇ ಹೆಚ್ಚು ದುಡಿಯುವುದು. ಒಂದು ಹಿಂದಿನಿಂದ ತಳ್ಳುತ್ತದೆ, ಏಳು ಮುಂದೆ ನಿಂತು ಕರೆಯುತ್ತವೆ. ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ನಾನು ಮಲಿಂಪೊಗೆ ಹೇಳಿದ್ದೇನೆ, ಲೆಬುಸನಿಗೆ ಹೇಳಲಿಲ್ಲ. ಬೇಡದ್ದು ಏನಿದ್ದರೂ ತಗೋ ಅಂದವಳು ನಾನು. ಸರಳು ಹೊದ್ದ ಕಂಬಳಿಯಲ್ಲಿ ಸುತ್ತಿಕೊಂಡು ಬಂದೆ.

ಮೇ 23, ಸಂಜೆ

ಎರಡು ದಿನ ಹಿಡಿಯಿತು. ಯಾವ ಸರಳು ಎಲ್ಲಿ ಅಂತ ಬೊಂಬಿನ ಮೇಲೆ ಸೆಖೋಬೆ ಚಾಕುವಿನಿಂದ ಗೆರೆ ಕೊರೆದಿದ್ದ, ಅದೇ ಉಳಿಸಿತು. ಲೆಬುಸ ಕಂಬ ಹಿಡಿದು ನಿಂತ, ಗಾಳಿಗೆ ಕಣ್ಣಲ್ಲಿ ನೀರು. ನಾನು ಕಟ್ಟಿದೆ. ಬಾಗಿದ್ದನ್ನು ಕಲ್ಲಿನಲ್ಲಿ ಬಡಿದು ನೆಟ್ಟಗೆ ಮಾಡಿದ್ದೇನೆ, ಪೂರ್ತಿ ಆಗಿಲ್ಲ.

ಕೆಳಗೆ ಬಂದೆ. ಒಂದು ಕಡ್ಡಿ. ಸ್ವಲ್ಪ ಹೊತ್ತಿಗೆ ಎರಡು.

ಆಮೇಲೆ ರೇಡಿಯೋ ಶುರು ಮಾಡಿತು. ನಿಲ್ಲಲೇ ಇಲ್ಲ. ಟಿಕಿ-ಟಿಕ್, ಟಿಕಿ-ಟಿಕ್. ಒಂದರ ಹಿಂದೆ ಒಂದು ಮೆಸೇಜ್. ‘ನೀವು ಸಿಗದಿದ್ದಾಗ ಈ ನಂಬರಿನಿಂದ ಕರೆ ಬಂದಿತ್ತು.’ ಗಡಿಯ ಆಚೆಯ ನಂಬರ್, ನನಗೆ ಗೊತ್ತಿಲ್ಲದ್ದು. ಹದಿನಾರನೇ ತಾರೀಕು ಆರು ಸಲ. ಹದಿನೇಳು, ಏಳು ಸಲ. ಹದಿನೆಂಟು, ಬೆಳಿಗ್ಗೆ 11.40, ಒಂದು ಸಲ.

11.40ಕ್ಕೆ ನಾನು ನೀಲಿ ಬಟ್ಟೆಯಲ್ಲಿ ಅಂಗಳದಲ್ಲಿ ನಿಂತಿದ್ದೆ. ಹೆಂಗಸರು ಹಾಡುತ್ತಿದ್ದರು.

ಆ ನಂಬರಿಗೆ ಮಾಡಿದೆ. ಸ್ವಿಚ್ ಆಫ್.

ಮೇ 24

ಆಫ್.

ಮೇ 25

ಆಫ್. ಹನ್ನೊಂದು ಸಲ.

ಮೇ 28

ಆಫ್. ನಾಲ್ಕು ಗಂಟೆಗೆ ನೋಡಿದೆ, ಎರಡೇ ಕಡ್ಡಿ. ಕಪ್ಪು ತೆಗೆದ ದಿನದಿಂದ ಮೂರು ಬಂದಿಲ್ಲ. ಸೆಖೋಬೆ ಹೋಗಿದ್ದಾನೆ. ಹಿರಿಯರು ಹೇಳಿದ ಹಾಗೆಯೇ ಆಯಿತು. ಈಗ ನನಗೆ ಅವನು ಬೇಕು, ಈಗ ಇಲ್ಲ.

ಮೇ 30, ಬೆಳಿಗ್ಗೆ 10

ಸಿಕ್ಕಿತು. ಒಬ್ಬ ಹೆಂಗಸು. ನಮ್ಮ ಭಾಷೆಯವಳೇ, ಹೆಸರು ಕೆಲೆಬೊನೆ. ಗಣಿಯ ಬಾಯಿಯ ಹತ್ತಿರ ಊಟ ಮಾರುತ್ತಾಳೆ. ಅವಳಂದದ್ದು ಅಂದ ಹಾಗೆಯೇ ಬರೆಯುತ್ತೇನೆ, ಇಲ್ಲದಿದ್ದರೆ ನಾನು ಬದಲಾಯಿಸಿಬಿಡುತ್ತೇನೆ.

“ಪೆಲ್ಲೊನ ಅಮ್ಮನಾ ನೀವು? ನೋಡಿ, ಮೂರು ದಿನ ನನ್ನ ಫೋನು ಕೆಳಗಿಡ್ಲಿಲ್ಲ ಅವ್ನು. ಬರೀ ಸಿಗ್ತಿಲ್ಲ, ಸಿಗ್ತಿಲ್ಲ ಅಂತ ಬರ್ತಿತ್ತು. ನಾನೇ ಅಂದೆ, ಸುಮ್ನೆ ಬಸ್ಸು ಹತ್ಕೊಂಡು ಹೋಗಪ್ಪ ಅಂತ. ಇಲ್ಲ ಅಕ್ಕ, ಗಾಳಿಗೆ ಏರಿಯಲ್ ಬಿದ್ದಿರ್ಬೇಕು ಅಂದ. ನಾನು ಬರದೆ ನಮ್ಮಮ್ಮ ಕಪ್ಪು ತೆಗೆಯಲ್ಲ, ಇನ್ನೂ ದಿನ ಇದೆ, ಇನ್ನೊಂದು ಸರ್ತಿ ಇಳಿದು ಬರ್ತೀನಿ, ಕೈಯಲ್ಲಿ ಏನಾದ್ರೂ ಇಟ್ಕೊಂಡು ಹೋಗ್ಬೇಕು ಅಂದ. ಶನಿವಾರ ಮಧ್ಯಾಹ್ನ ಇಳಿದ.”

ಆಮೇಲೆ?

ಅದಾದ ಎರಡು ದಿನಕ್ಕೆ, ಸೋಮವಾರ, ಒಳಗೆ ಬಂಡೆ ಕುಸಿಯಿತಂತೆ. ಹಳೆಯ ನೀರೂ ನುಗ್ಗಿದೆ. ಕೆಲವರು ಬೇರೆ ಬಾಯಿಂದ ಹೊರಗೆ ಬಂದಿದ್ದಾರೆ, ಕೆಲವರು ಇಲ್ಲ. ಯಾರು ಒಳಗಿದ್ದರು ಅಂತ ಪಟ್ಟಿ ಇಲ್ಲ, ಪಟ್ಟಿ ಮಾಡುವವರು ಯಾರೂ ಇಲ್ಲ. ಪೊಲೀಸರು ಅಲ್ಲಿಂದ ಎಲ್ಲರನ್ನೂ ಓಡಿಸಿದ್ದರು, ಚಾರ್ಜ್ ಮಾಡಲು ಜಾಗ ಇರಲಿಲ್ಲ, ಅದಕ್ಕೇ ಅವಳ ಫೋನ್ ಆಫ್ ಆಗಿತ್ತು. ಹಗ್ಗ ಇಳಿಸುವವರು ದಿನಾ ಒಬ್ಬಿಬ್ಬರನ್ನು ಎತ್ತುತ್ತಿದ್ದಾರಂತೆ.

ಜೀವ ಇರುವವರನ್ನೋ ಇಲ್ಲದವರನ್ನೋ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

“ನಾನು ನೋಡ್ತಿರ್ತೀನಿ. ಅವ್ನೇ ಬಂದ್ರೆ ಅವ್ನ ಕೈಲೇ ಮಾಡಿಸ್ತೀನಿ. ಇಲ್ಲಾಂದ್ರೆ ನಾನು ಮಾಡ್ತೀನಿ. ನೀವು ಕಿಟಕಿ ಹತ್ರಾನೇ ಇರಿ.”

ಕಿಟಕಿಯ ವಿಷಯವನ್ನೂ ಅವಳಿಗೆ ಹೇಳಿದ್ದಾನೆ.

ಮೇ 30, ಸಂಜೆ

ನಾನು ಬರದೆ ನಮ್ಮಮ್ಮ ತೆಗೆಯಲ್ಲ.

ತೆಗೆದೆ ಕಣೋ.

ಜೂನ್ 4

ಲೆಬುಸ ಪೆಟ್ಟಿಗೆ ವಾಪಸ್ ತಂದ. ಕತ್ತೆಯಿಂದ ಇಳಿಸಿ, ಕಿಟಕಿ ಕೆಳಗೆ ಹಳೆಯ ಜಾಗದಲ್ಲೇ ಇಟ್ಟ. ನೆಲದ ಮೇಲೆ ಅದರ ಗುರುತು ಇನ್ನೂ ಇತ್ತು. ಹಿರಿಯರು ಏನಂತಾರೋ ಅಂದೆ. ಅನ್ನಲಿ ಅಂದ.

ನಾನು ಕೂತ್ಕೊಳ್ಲಾ ಅತ್ತಿಗೆ, ದನಿ ಜೋರಾಗುತ್ತೇನೋ ಅಂತ ಕೇಳಿದ. ಕೂತ. ಎರಡೇ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಜರುಗಿದ. ಎರಡೇ. ಅಣ್ಣನಿಗಿಂತ ಒಂದೂವರೆ ಪಾಲು ದಪ್ಪ ಇದ್ದಾನೆ, ಏನು ಪ್ರಯೋಜನ? ಇಬ್ಬರಿಗೂ ಸ್ವಲ್ಪ ನಗು ಬಂತು. ಆಮೇಲೆ ಅವನು ಟೋಪಿಯಲ್ಲಿ ಮುಖ ಇಟ್ಟುಕೊಂಡು ಅತ್ತ. ಗಂಡಸು ಅಷ್ಟು ಜೋರಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವನ ಬೆನ್ನು ತಟ್ಟಿದೆ. ತಪ್ಪು ನಿನ್ನದಲ್ಲ ಅಂತ ಹೇಳಬೇಕಿತ್ತು, ಹೇಳಲಿಲ್ಲ. ನಾಳೆ ಹೇಳಬೇಕು.

ಜೂನ್ 9

ಹಿಮ ಬಿದ್ದಿದೆ. ದಿಣ್ಣೆಗೆ ಹೋಗಿ ಸರಳುಗಳ ಮೇಲಿನ ಮಂಜು ಒರೆಸಿ ಬಂದೆ. ಮಲಿಂಪೊ ತನ್ನ ಫೋನ್ ತರುವುದನ್ನು ನಿಲ್ಲಿಸಿದ್ದಾಳೆ. ಕಟ್ಟೆ ಪೂರ್ತಿ ನಿಮಗೇ ಇರಲಿ ಅಂತ. ತನ್ನ ಸಕ್ಕರೆ ತಂದಿಟ್ಟು ಹೋದಳು.

ಜೂನ್ 13

ಕೆಲೆಬೊನೆಗೆ ಮಾಡಿದೆ. ಇನ್ನೂ ಇಲ್ಲ ಅಂದಳು. ‘ಇನ್ನೂ ಇಲ್ಲ’ ಅಂದರೆ ಯಾವುದು ಇಲ್ಲ ಅಂತ ಕೇಳಬಹುದಿತ್ತು. ಅವಳ ಹಿಂದೆ ಯಾರೋ ಊಟಕ್ಕೆ ಕೂಗುತ್ತಿದ್ದರು.

ಜೂನ್ 16

ಚರ್ಚಿನಿಂದ ಬರುವಾಗ ಎಲ್ಲರೂ ಮಾತಾಡಿಸಿದರು. ಮ್ಮೆ ಮಪೆಲ್ಲೊ, ಹೇಗಿದ್ದೀರಿ. ಮ್ಮೆ ಮಪೆಲ್ಲೊ, ಚಳಿ ಜಾಸ್ತಿ. ಮ್ಮೆ ಅಂದರೆ ಅಮ್ಮ; ಅದರ ಹಿಂದೆ ಹೆಜ್ಜೆ ಹೆಜ್ಜೆಗೂ ಅವನ ಹೆಸರು.

ಮದುವೆಯ ದಿನ ಅತ್ತೆ ಇಟ್ಟದ್ದು. ಎಲ್ಲ ಸೊಸೆಯರಿಗೂ ಇಡುವ ಹಾಗೆ, ಇನ್ನೂ ಹುಟ್ಟದ ಮೊದಲ ಮಗುವಿನ ಹೆಸರು ಹಿಡಿದು — ಮಪೆಲ್ಲೊ, ಪೆಲ್ಲೊನ ತಾಯಿ. ಅವನು ಹುಟ್ಟಿದ್ದು ಮೂರು ವರ್ಷ ಆದ ಮೇಲೆ. ಆ ಮೂರು ವರ್ಷ ಎಲ್ಲರೂ ನನ್ನನ್ನು ಅವನ ತಾಯಿ ಅಂತ ಕರೆದರು, ನಾನು ಓಗೊಟ್ಟೆ. ಮಗು ಇರಲಿಲ್ಲ, ಹೆಸರು ಇತ್ತು. ನೀರು ತರುವಾಗ ಹೊಟ್ಟೆ ಮುಟ್ಟಿಕೊಂಡು ಬೇಗ ಬಾರೋ ಅನ್ನುತ್ತಿದ್ದೆ.

ಈಗಲೂ ಓಗೊಡುತ್ತಿದ್ದೇನೆ. ಇನ್ನೆಷ್ಟು ವರ್ಷ ಬೇಕಾದರೂ ಓಗೊಡುತ್ತೇನೆ. ಮೊದಲೂ ಹಾಗೇ ಬಂದವನು ಅವನು.

ಜೂನ್ 18, ಸಂಜೆ 4

ಮೂರು ಕಡ್ಡಿ.

ಸೆಖೋಬೆ ವಾಪಸ್ ಬಂದಿದ್ದಾನೆ. ಪೆಟ್ಟಿಗೆಯ ಹತ್ತಿರ ಹೋಗಿ ನಿಂತೆ. ನೆಮ್ಮದಿಯಾಗಿ ನೆಲದ ಮೇಲೇ ಕೂತೆ. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದೆ.

ಕೇಳಿದ ಮೇಲೆ ನೆನಪಾಯಿತು. ಮೇ 12ರಂದು ಅವನಿಗೆ ನಾನೇ ಹೇಳಿದ್ದೆ, ಮಗನ ಹತ್ತಿರ ಹೋಗು ಅಂತ. ಹೋಗಿದ್ದಾನೆ. ಈಗ ಬಂದಿದ್ದಾನೆ. ಒಬ್ಬನೇ ಬಂದಿದ್ದಾನೆ, ಮೂರೇ ಕಡ್ಡಿ. ಹಾಗಾದರೆ ಪೆಲ್ಲೊ ಅಲ್ಲೇ, ಜೀವಂತ. ಲೆಕ್ಕ ಸರಿ ಇದೆ. ನನಗೆ ಹುಚ್ಚು ಹಿಡಿದಿದ್ದರೂ ಲೆಕ್ಕ ಸರಿ ಇದೆ.

ಜೂನ್ 19

ಮೂರು. ನಾಲ್ಕು ಗಂಟೆಯಿಂದ ಕತ್ತಲಾಗುವ ತನಕ. ಅಷ್ಟು ಹೊತ್ತು ಅವನು ಯಾವತ್ತೂ ಕೂತವನಲ್ಲ. ಏನನ್ನೋ ಕಾಯುತ್ತಿದ್ದಾನೆ.

ಜೂನ್ 20, ಬೆಳಿಗ್ಗೆ 7.10

ಒಲೆ ಹೊತ್ತಿಸಿ ಬಂದು ನೋಡಿದೆ.

ನಾಲ್ಕು.

ಫೋನ್ ಎತ್ತಿ ಒರೆಸಿ ಮತ್ತೆ ಇಟ್ಟೆ. ನಾಲ್ಕು. ಬಾಗಿಲು ಹಾಕಿದೆ, ತೆಗೆದೆ. ನಾಲ್ಕು. ಸರಳು ಬಾಗಿವೆ, ಮೇಲೆ ಮಂಜು ಇದೆ, ನಾಲ್ಕು ಬರಲು ಕಾರಣವೇ ಇಲ್ಲ. ಪೆಟ್ಟಿಗೆಯ ಮೇಲೆ ನನ್ನ ಕಣ್ಣಿಗೆ ಯಾರೂ ಕಾಣುತ್ತಿಲ್ಲ.

ಪೆಲ್ಲೊಗೆ ಅಂತ ಎತ್ತಿಟ್ಟಿದ್ದ ಕಂಬಳಿ ತಂದು ಪೆಟ್ಟಿಗೆಯ ಮೇಲೆ ಹಾಸಿದ್ದೇನೆ. ಇಬ್ಬರಿಗೂ ಸಾಲುತ್ತದೆ. ಆಗಲೂ ಸಾಲಿತ್ತು.

ಏರಿಯಲ್ ಬಿಚ್ಚಿ ಹಾಕೋಣ ಅನಿಸಿತು. ಫೋನ್ ತೆಗೆದು ಹಿಮಕ್ಕೆ ಎಸೆಯೋಣ ಅನಿಸಿತು. ಒಂದು ಸಲ ಅವನು ಹದಿನಾಲ್ಕು ಸಲ ಕರೆದಾಗ ನಾನು ಸಿಗಲಿಲ್ಲ. ಇನ್ನೊಮ್ಮೆ ಹಾಗೆ ಮಾಡಲಾರೆ. ಇಲ್ಲೇ ಕೂತಿದ್ದೇನೆ, ನೆಲದ ಮೇಲೆ, ಅವರ ಕಾಲ ಬುಡದಲ್ಲಿ.

7.25

ರೇಡಿಯೋ ಶುರುವಾಯಿತು. ಟಿಕಿ-ಟಿಕ್. ಟಿಕಿ-ಟಿಕ್.

ರಿಂಗ್ ಇನ್ನೂ ಆಗಿಲ್ಲ. ಇದರ ನಡುವೆ ಸ್ವಲ್ಪ ಹೊತ್ತು ಇರುತ್ತದೆ, ಎರಡು ಸಾಲು ಬರೆಯುವಷ್ಟು. ಆ ಹೊತ್ತಿನಲ್ಲಿ ಯಾರೂ ಏನೂ ಹೇಳಿರುವುದಿಲ್ಲ. ಅವನೇ ಮಾಡುತ್ತಿರಬಹುದು. ಅಮ್ಮ, ದನಿ ಇವತ್ತು ಎಷ್ಟು ಚೆನ್ನಾಗಿ ಬರ್ತಿದೆ, ಅಪ್ಪನ ಪಕ್ಕ ಯಾರು ಕೂತಿದ್ದಾರೆ ಅಂತ ಕೇಳಬಹುದು. ಕೇಳಿದರೆ ನಾನು —